ಸಾಹುಕಾರ ಊಟ ಬಿಟ್ಟ

ಹೇಸಿಗೆ ಪಡುವುದಕ್ಕೆ ತನಗೆ ಪುರಸೊತ್ತಿಲ್ಲ ಎಂದು ಹೇಳಿಕೊಂಡೇ ಅವಳು ಅರ್ಧ ಆಯುಸ್ಸು ಕಳೆದಿದ್ದಳು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಅವಳದ್ದು. ಎರಡು ರಸ್ತೆ ಕೂಡುವ ಮೂಲೆಯಲ್ಲಿ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಕೆಳಗೆ ಅಂಗಡಿ, ಮೇಲೆ ಮನೆ. ಬಾಗಿಲ ಮೇಲೆ ‘ಎಲ್ಲ ಬಗೆಯ ಕಲೆ ತೆಗೆಯಲಾಗುತ್ತದೆ’ ಎಂದು ಬೋರ್ಡು ಬರೆಸಿದ್ದಳು. ಅದನ್ನು ಅರ್ಧಂಬರ್ಧ ಓದಿದ ಮಹಾಶಯನೊಬ್ಬ ಮಗಳನ್ನು ಚಿತ್ರ ಬಿಡಿಸುವ ಕ್ಲಾಸಿಗೆ ಸೇರಿಸಲು ಬಂದಿದ್ದನಂತೆ. ಇಲ್ಲಿ ಕಲೆ ಕಲಿಸುವುದಿಲ್ಲ ಸ್ವಾಮಿ, ಇರೋ ಕಲೆಯನ್ನೂ ತೆಗೆದು ಕಳಿಸುತ್ತೇವೆ ಎಂದು ಇವಳು ಹೇಳಿದ ಮಾತು ಬೀದಿಯ ತುದಿಯವರೆಗೂ ಹರಡಿತು. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಕಲೆಯಕ್ಕ.

ಬೇರೆಯವರು ಮೂಗು ಮುಚ್ಚಿಕೊಂಡು ತಂದುಕೊಟ್ಟದ್ದನ್ನು ಕಲೆಯಕ್ಕ ಮೂಗಿಗೆ ಹಿಡಿದು ನೋಡುತ್ತಿದ್ದಳು. ಮಗು ಕಕ್ಕಿದ ಹಾಲು, ಕುಡಿದವನ ವಾಂತಿ, ಹಾಸಿಗೆ ಹಿಡಿದವರ ಉಚ್ಚೆ, ಗಾಯದ ಕೀವು, ಯಾವುದಕ್ಕೆ ತಣ್ಣೀರು, ಯಾವುದಕ್ಕೆ ಬಿಸಿನೀರು, ಯಾವುದಕ್ಕೆ ವಿನೆಗರ್ ಎಂಬುದನ್ನು ಆ ಮೂಗೇ ಹೇಳಿಬಿಡುತ್ತಿತ್ತು. ಗಿರಾಕಿಗಳು ನಾಚಿಕೊಂಡು, ಕಾಫಿ ಚೆಲ್ಲಿತು ಎಂದೋ ಮಕ್ಕಳು ಬಣ್ಣ ಹಚ್ಚಿದರು ಎಂದೋ ಕಥೆ ಕಟ್ಟುತ್ತಿದ್ದರು. ಅವಳು ಹೌದೆಂದು ತಲೆಯಾಡಿಸಿ ಚೀಟಿ ಹರಿದುಕೊಡುತ್ತಿದ್ದಳು. ಮನುಷ್ಯನ ಮೈಯಿಂದ ಬಂದದ್ದು ಯಾವುದೂ ಅವಳಿಗೆ ಹೇಸಿಗೆಯಲ್ಲ.

ಹರಿದಾಡುವ ಜಂತುಗಳ ಮಾತು ಬೇರೆ. ಗೋಡೆಯ ಮೇಲೆ ಒಂದು ಹಲ್ಲಿ ಕಂಡರೆ ಆ ಕೋಣೆಯಲ್ಲಿ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅದರ ಬಿಳಿಚಿದ ಹೊಟ್ಟೆ, ಅಂಟಂಟು ಕಾಲು, ರೆಪ್ಪೆ ಬಡಿಯದ ನೋಟ ನೆನೆದರೆ ಸಾಕು, ಕತ್ತಿನ ಹಿಂದಿನ ರೋಮ ನಿಮಿರುತ್ತಿತ್ತು. ಗಂಡ ಪೊರಕೆ ಹಿಡಿದು ಅದನ್ನು ಕಿಟಕಿಯಾಚೆ ಓಡಿಸಿದ ಮೇಲೂ ಗೋಡೆಯನ್ನು ಸೋಪುನೀರಿನಲ್ಲಿ ಒರೆಸಿಯೇ ಅವಳು ತಟ್ಟೆಯ ಮುಂದೆ ಕೂರುತ್ತಿದ್ದಳು.

ಅಂಥವಳ ಮನೆಗೆ ಅವಳ ತಂಗಿ ಒಂದು ಓತಿಕ್ಯಾತವನ್ನು ತಂದಿಟ್ಟಳು.

ತಂಗಿ ಎಂದರೆ ತಂಗಿಯಲ್ಲ, ಮಗಳೇ. ಇಬ್ಬರ ನಡುವೆ ಅಷ್ಟು ವರ್ಷಗಳ ಅಂತರ. ತಾಯಿ ತೀರಿಕೊಂಡ ಮೇಲೆ ಅವಳ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಕಲೆಯಕ್ಕನೇ. ಸ್ವಂತ ಮಕ್ಕಳಾಗಲಿಲ್ಲ, ಆ ಕೊರತೆಯ ಕಡೆಗೆ ನೋಡಲು ತಂಗಿ ಬಿಡಲೂ ಇಲ್ಲ. ಈಗ ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಬೇರೆ ಊರಿನ ಶಾಖೆಗೆ ವರ್ಗವಾಯಿತು. ಅಲ್ಲಿ ಸಿಕ್ಕ ಬಾಡಿಗೆ ಕೋಣೆಯ ಯಜಮಾನಿ ನಾಯಿ ಬೇಡ, ಬೆಕ್ಕು ಬೇಡ, ಉಸಿರಾಡುವ ಯಾವುದೂ ಬೇಡ ಎಂದಿದ್ದಳಂತೆ. ಬೇರೆ ಕೋಣೆ ಸಿಗುವ ತನಕ ಇಟ್ಟುಕೋ ಎಂದು ತಂಗಿ ಗಾಜಿನ ಪೆಟ್ಟಿಗೆಯನ್ನು ಅಕ್ಕನ ಹಾಲ್‌ನಲ್ಲಿ, ಟಿವಿಗೆ ಎದುರಾಗಿದ್ದ ಮೇಜಿನ ಮೇಲೆ ಇಳಿಸಿದಳು.

ಪೆಟ್ಟಿಗೆಯೊಳಗೆ ಕೆಂಪು ಮರಳು ಹಾಸಿತ್ತು. ಅದರ ಮಧ್ಯೆ ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಬೀಳುವಂತೆ ಬಿಸಿ ದೀಪ. ದೀಪದ ಕೆಳಗೆ ಹೊಟ್ಟೆ ಹರವಿಕೊಂಡು, ಗಲ್ಲದಡಿಯ ಮುಳ್ಳುಗಡ್ಡ ಉಬ್ಬಿಸಿಕೊಂಡು, ಮೊಳದುದ್ದದ ಪ್ರಾಣಿಯೊಂದು ಬಡ್ಡಿ ವಸೂಲಿಗೆ ಕೂತವನ ಹಾಗೆ ಕೂತಿತ್ತು. ತಂಗಿ ಅದಕ್ಕೆ ಸಾಹುಕಾರ ಎಂದು ಹೆಸರಿಟ್ಟಿದ್ದಳು. ಎತ್ತಿ ಅದರ ತಲೆಗೆ ಮುತ್ತು ಕೊಟ್ಟಳು. ಕಲೆಯಕ್ಕ ಮುಖ ಆಚೆ ತಿರುಗಿಸಿದಳು.

“ಅಕ್ಕ, ಬೇರೇನು ಮರೆತ್ರೂ ಪರವಾಗಿಲ್ಲ, ದೀಪ ಮರೀಬೇಡ,” ಎಂದಳು ತಂಗಿ. “ಬೆಳಗ್ಗೆ ಹಾಕಿದ್ರೆ ಸಂಜೆ ತನಕ ಉರೀತಿರ್ಬೇಕು. ಬಿಸಿ ಇಲ್ದಿದ್ರೆ ಇವನಿಗೆ ತಿಂದಿದ್ದು ಕರಗಲ್ಲ.”

ಮಧ್ಯಾಹ್ನದ ಹೊತ್ತು ದೀಪ ನೋಡಿಕೊಳ್ಳುವ ಜವಾಬ್ದಾರಿ ತನ್ನದು ಎಂದು ಭಾವ ಮುಂದೆ ಬಂದ. ಕಲೆಯಕ್ಕನ ಗಂಡ ಅಂಥವನೇ. ಯಾರಿಗೂ ಇಲ್ಲ ಎನ್ನದವನು, ಮಾತಿನಲ್ಲಿ ಜೇನು ಸುರಿಯುವವನು. ಅಂಗಡಿಯ ವ್ಯಾನು ಓಡಿಸುತ್ತಿದ್ದ. ಬೆಳಗ್ಗೆ ಹೋಟೆಲು, ನರ್ಸಿಂಗ್ ಹೋಮು, ಮನೆಮನೆಗಳಿಂದ ಬಟ್ಟೆ ಎತ್ತಿ ತರುವುದು, ಸಂಜೆ ತಲುಪಿಸಿ ಬರುವುದು. ನಡುವಿನ ಮಧ್ಯಾಹ್ನ ಅವನದೇ. ಆ ಹೊತ್ತಿಗೆ ಕಲೆಯಕ್ಕ ಒಂದು ಗಳಿಗೆ ಮೇಲೆ ಬಂದು, ಇಬ್ಬರೂ ಉಂಡು, ಅವಳು ಕೈ ಒರೆಸಿಕೊಳ್ಳುತ್ತಲೇ ಕೆಳಗಿಳಿದರೆ, ಅವನು ಟಿವಿ ಹಾಕಿಕೊಂಡು ಸೋಫಾದ ಮೇಲೆ ಉರುಳುತ್ತಿದ್ದ. ಹಾಲಿನಂಥ ಗಂಡ ಸಿಕ್ಕಿದ್ದಾನೆ ನಿನಗೆ ಎಂದು ಗಿರಾಕಿ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು. ಅವಳೂ ಹಾಗೆಯೇ ನಂಬಿದ್ದಳು.

ಮೊದಲ ಹೇಸಿಗೆ ಅಡುಗೆಮನೆಯಲ್ಲಿ ಶುರುವಾಯಿತು. ಸಾಹುಕಾರನ ಊಟ ಹಿಟ್ಟಿನ ಹುಳ. ಬೆರಳ ಗಿಣ್ಣಿನಷ್ಟು ಉದ್ದದ, ಹಳದಿ ಬಣ್ಣದ, ಮೈಯೆಲ್ಲ ಉಂಗುರವಿರುವ ಹುಳಗಳು ತವುಡು ತುಂಬಿದ ಡಬ್ಬಿಯಲ್ಲಿ ಸರಸರ ಎನ್ನುತ್ತಿದ್ದವು. ಹೊರಗಿಟ್ಟರೆ ರೆಕ್ಕೆ ಬಂದು ಜೀರುಂಡೆಯಾಗುತ್ತವೆ, ಫ್ರಿಜ್ಜಿನಲ್ಲಿಡು ಎಂದಿದ್ದಳು ತಂಗಿ. ಕಲೆಯಕ್ಕ ಡಬ್ಬಿಯನ್ನು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಳಗಿನ ಅರೆಯಲ್ಲಿಟ್ಟಳು. ಆದರೂ ಮೊಸರಿನ ಪಾತ್ರೆ ತೆಗೆಯುವಾಗ ಕಿವಿ ಆ ಕಡೆಗೇ ಹೋಗುತ್ತಿತ್ತು. ಕೊನೆಗೆ ಮೊಸರು ತಿನ್ನುವುದನ್ನೇ ಬಿಟ್ಟಳು.

ಹುಳ ಹಾಕುವುದು ಅವಳ ಪಾಲಿಗೇ ಬಂತು. ದೀಪಕ್ಕೆ ಒಪ್ಪಿಕೊಂಡಿದ್ದ ಗಂಡ ಹುಳಕ್ಕೆ ಒಪ್ಪಿಕೊಂಡಿರಲಿಲ್ಲ. ಅವುಗಳನ್ನು ಕಂಡರೆ ತನಗೆ ತಲೆ ಸುತ್ತುತ್ತದೆ ಎಂದು ನಗುತ್ತಾ ಹಿಂದೆ ಸರಿದ. ಅವಳು ಇಕ್ಕಳದಲ್ಲಿ ಎತ್ತಿ, ಕೈಯನ್ನು ಆದಷ್ಟು ದೂರ ಚಾಚಿ, ಬಟ್ಟಲಿಗೆ ಬಿಡುತ್ತಿದ್ದಳು. ಸಾಹುಕಾರ ನಾಲಿಗೆ ಚಾಚಿ ಎಳೆದುಕೊಂಡು ಚಪಚಪ ಅಗಿಯುತ್ತಿದ್ದ. ಹುಳದ ಬಾಲದ ತುದಿ ಬಾಯಿಂದ ಹೊರಗೆ ಇನ್ನೂ ಆಡುತ್ತಿರುವುದನ್ನು ಒಮ್ಮೆ ಕಂಡ ಮೇಲೆ, ಹಾಕುವುದು, ಕಣ್ಣು ಮುಚ್ಚುವುದು, ಓಡುವುದು ಎಂಬ ಕ್ರಮ ಮಾಡಿಕೊಂಡಳು.

ಹಾಗಾಗಿ ಅವನು ಊಟ ಬಿಟ್ಟದ್ದು ತಕ್ಷಣ ತಿಳಿಯಲಿಲ್ಲ. ಒಂದು ಬೆಳಗ್ಗೆ ಬಟ್ಟಲು ನೋಡಿದರೆ ಹಿಂದಿನ ದಿನದ ಹುಳಗಳು ಹಾಗೇ ಇದ್ದವು. ಅದರ ಹಿಂದಿನವು ಸುರುಟಿಕೊಂಡು ಬೆಳ್ಳಗೆ, ಉಗುರು ಕತ್ತರಿಸಿ ಎಸೆದಂತೆ ಬಿದ್ದಿದ್ದವು. ಒಂದು ಹುಳ ಸಾಹುಕಾರನ ಮುಖದ ಮೇಲೆ, ಕಣ್ಣಿನ ಅಂಚಿನಲ್ಲೇ ನಡೆದು ಹೋಗುತ್ತಿತ್ತು. ಅವನು ಕಣ್ಣು ಸಹ ಮಿಟುಕಿಸಲಿಲ್ಲ. ಮೈ ಬೂದಿಯಿಂದ ಕಪ್ಪಿಗೆ ತಿರುಗಿತ್ತು, ಕಣ್ಣು ಗುಳಿ ಬಿದ್ದಿತ್ತು, ಹೊಟ್ಟೆ ಮಾತ್ರ ಗಟ್ಟಿಯಾಗಿ ಉಬ್ಬಿತ್ತು. ಗಾಜಿನ ಮುಚ್ಚಳ ಎತ್ತಿದಾಗ ಬಂದ ನಾತಕ್ಕೆ ಅವಳ ಅನುಭವಿ ಮೂಗೂ ಹೆದರಿತು. ಅದು ಮಲದ್ದಲ್ಲ. ಮುಚ್ಚಿಟ್ಟ ಬಾಯೊಳಗೆ ಏನೋ ಕೊಳೆಯುತ್ತಿರುವ ನಾತ.

ತಂಗಿಗೆ ಫೋನು ಮಾಡಿದಳು. ತಂಗಿ ಅತ್ತಳು. ಅಳು ಮುಗಿದ ಮೇಲೆ, ರಜೆ ಸಿಗುವುದಿಲ್ಲ, ಹೇಗಾದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದಳು. ಸತ್ತರೆ ಸಾಯಲಿ, ಪೀಡೆ ಕಳೆಯಿತು ಎಂದು ಕಲೆಯಕ್ಕನಿಗೆ ಒಂದು ಕ್ಷಣ ಅನ್ನಿಸದೆ ಇರಲಿಲ್ಲ. ಹಾಗನ್ನಿಸಿದ್ದಕ್ಕೆ ತನ್ನ ಮೇಲೆಯೇ ಸ್ವಲ್ಪ ಹೇಸಿಗೆಯಾಯಿತು. ರಟ್ಟಿನ ಡಬ್ಬಿಗೆ ಹಳೆಯ ಟವೆಲು ಹಾಸಿ, ಕೈಗೆ ಎರಡೆರಡು ಗವಸು ಹಾಕಿಕೊಂಡು ಅವನನ್ನು ಎತ್ತಿದಳು. ತಣ್ಣಗಿನ, ಒಣ ಚೀಲದಂಥ ಮೈ. ಒಳಗೆ ಮಾತ್ರ ಏನೋ ಮೆಲ್ಲಗೆ ಬಡಿಯುತ್ತಿತ್ತು.

ಹತ್ತಿರದ ಆಸ್ಪತ್ರೆಯವರು ತಾವು ನಾಯಿ ಬೆಕ್ಕು ಬಿಟ್ಟು ಬೇರೆ ಮುಟ್ಟುವುದಿಲ್ಲ ಎಂದರು. ಊರಿನ ಆಚೆ ತುದಿಯಲ್ಲಿ ಇಂಥವನ್ನು ನೋಡುವ ಡಾಕ್ಟರಮ್ಮ ಒಬ್ಬರಿದ್ದರು. ಅವರಿಗೆ ನೆಗಡಿಯಾಗಿತ್ತು, ಯಾವ ನಾತವೂ ತಟ್ಟುತ್ತಿರಲಿಲ್ಲ. ಅದೃಷ್ಟವಂತೆ ಎಂದುಕೊಂಡಳು ಕಲೆಯಕ್ಕ. ಡಾಕ್ಟರಮ್ಮ ಸಾಹುಕಾರನ ದವಡೆಯನ್ನು ತೆಳ್ಳನೆಯ ಪಟ್ಟಿಯೊಂದರಿಂದ ಮೀಟಿ ತೆರೆದರು. ವಸಡಿನ ಉದ್ದಕ್ಕೂ ಹಳದಿ ಗಿಣ್ಣಿನಂಥ ಕೀವು ಗಟ್ಟಿಯಾಗಿ ಕೂತಿತ್ತು. ಹೊಟ್ಟೆ ಅಮುಕಿ ನೋಡಿ, ಮರಳು ನುಂಗಿದ್ದಾನೆ, ಅದು ಕರುಳಿನಲ್ಲಿ ಗಡ್ಡೆ ಕಟ್ಟಿದೆ ಎಂದರು. ಮರಳು ಹಾಸಿದ ಪುಣ್ಯಾತ್ಮರು ಯಾರು ಎಂದು ಕೇಳಿದರು. ಚೆಂದ ಕಾಣಲಿ ಎಂದು ತಂಗಿ ಹಾಸಿದ್ದು ಎಂದು ಹೇಳಲು ಕಲೆಯಕ್ಕನಿಗೆ ನಾಚಿಕೆಯಾಯಿತು.

ಮಾಡಬೇಕಾದ್ದನ್ನು ಡಾಕ್ಟರಮ್ಮ ಮೇಜಿನ ಮೇಲೆ ಒಂದು ಸಲ ಮಾಡಿ ತೋರಿಸಿದರು. ದಿನಾ ಎರಡು ಹೊತ್ತು ಬಾಯಿ ತೆರೆಸಿ, ಬೆರಳಿಗೆ ಬಟ್ಟೆ ಸುತ್ತಿ ಕೀವು ಕೆರೆದು ತೆಗೆಯಬೇಕು, ಔಷಧಿ ಹಚ್ಚಬೇಕು. ಸೂಜಿಯಿಲ್ಲದ ಸಿರಿಂಜಿನಲ್ಲಿ ಗಂಟಲಿಗೆ ಗಂಜಿಯಂಥ ಆಹಾರ ಬಿಡಬೇಕು. ಬೆಚ್ಚನೆಯ ನೀರಿನಲ್ಲಿ ಕೂರಿಸಿ ಎದೆಯಿಂದ ಬಾಲದ ಕಡೆಗೆ ಹೊಟ್ಟೆ ನೀವಬೇಕು. ಪೆಟ್ಟಿಗೆಯ ಮರಳು ತೆಗೆದು ಹಳೆಯ ಬಟ್ಟೆ ಹಾಸಬೇಕು. ಎಲ್ಲಕ್ಕಿಂತ ಮೊದಲು ಬಿಸಿ ಬೇಕು. ದೀಪ ದಿನವಿಡೀ ಉರಿಯುತ್ತಿದೆಯೇ ಎಂದು ಅವರು ಕೇಳಿದರು. ಬೆಳಗ್ಗೆ ತಾನೇ ಹಾಕುತ್ತೇನೆ, ಸಂಜೆ ಅಂಗಡಿ ಮುಚ್ಚಿ ಬಂದು ತಾನೇ ಆರಿಸುತ್ತೇನೆ ಎಂದಳು ಕಲೆಯಕ್ಕ.

ಮೊದಲ ಸಲ ಬಚ್ಚಲಿನಲ್ಲಿ ಕೂತು ಆ ಬಾಯಿ ತೆರೆಸಿದಾಗ ಅವಳು ವಾಂತಿ ಮಾಡಿಕೊಂಡಳು. ಬಟ್ಟೆ ಸುತ್ತಿದ ಬೆರಳು ಒಳಗೆ ಹೋದಾಗ ಸಣ್ಣ ಹಲ್ಲುಗಳ ಸಾಲು ಗರಗಸದಂತೆ ತಗುಲಿತು. ಕೀವು ಒಂದು ಚೂರು ಎದ್ದು ಬಂದಾಗ ಅದರ ಕೆಳಗೆ ರಕ್ತ ಒಸರಿತು. ಸಾಹುಕಾರ ಅವಳ ಮಣಿಕಟ್ಟಿನ ಮೇಲೆ ಹೇತ ಎಂದರೆ ತಪ್ಪು, ಬಿಳಿ ಸುಣ್ಣದಂಥ ಒಂದು ಹನಿ ಜಾರಿಸಿದ, ಅಷ್ಟೇ ಅವನಲ್ಲಿ ಉಳಿದದ್ದು. ಗವಸಿನ ಬಾಯಿಯಿಂದ ಅದು ಒಳಗಿಳಿಯಿತು. ಅವಳು ಎಡಗೈಯಲ್ಲಿ ಅವನನ್ನು ಎತ್ತಿ ಹಿಡಿದುಕೊಂಡೇ ಬಕೆಟ್ಟಿನ ಪಕ್ಕಕ್ಕೆ ಬಾಗಿ ಕಕ್ಕಿದಳು.

ಗಂಡ ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದ. “ಪಾಪ ಕಣೇ ನೀನು,” ಎಂದ. “ನನ್ನ ಕೈಲಂತೂ ಸಾಧ್ಯಾನೇ ಇಲ್ಲಪ್ಪ.”

ಆ ಮಾತಿನಿಂದ ಅವಳಿಗೆ ಸಮಾಧಾನವಾಯಿತು. ಯಾರಾದರೂ ಒಬ್ಬರು ಜೊತೆಗೆ ನಿಂತಿದ್ದಾರಲ್ಲ ಎಂದುಕೊಂಡಳು.

ದಿನಾ ಬೆಳಗ್ಗೆ, ದಿನಾ ಸಂಜೆ ಇದೇ ಆಯಿತು. ಅಭ್ಯಾಸವಾದರೆ ಹೇಸಿಗೆ ಕಡಿಮೆಯಾಗುತ್ತದೆ ಎನ್ನುವವರು ಅಂಥದ್ದನ್ನು ಮಾಡಿ ನೋಡಿದವರಲ್ಲ. ಅವಳಿಗೆ ಅದು ದಿನದಿಂದ ದಿನಕ್ಕೆ ಹೆಚ್ಚಿತು, ಏಕೆಂದರೆ ಈಗ ಏನು ಬರಲಿದೆ ಎಂದು ಮೊದಲೇ ಗೊತ್ತಿರುತ್ತಿತ್ತು. ಗಂಜಿ ಗಂಟಲಿಗೆ ಇಳಿಯದೆ ಬಾಯಿಯ ಅಂಚಿನಿಂದ ಹಸಿರಾಗಿ ಸೋರುತ್ತಿತ್ತು. ಅವಳ ಉಗುರಿನ ಸಂದಿಯಲ್ಲಿ, ಕೂದಲಲ್ಲಿ, ಅನ್ನದ ತಟ್ಟೆಯಲ್ಲಿ ಅದೇ ನಾತ. ಹಲ್ಲು ಒತ್ತಿ ಹಿಡಿದು ಬೈದುಕೊಂಡೇ ಎಲ್ಲ ಮಾಡುತ್ತಿದ್ದಳು. ಅವನನ್ನೂ ಬೈದಳು, ತಂಗಿಯನ್ನೂ ಬೈದಳು, ಮರಳು ಮಾರಿದವನ ವಂಶವನ್ನೂ ಬೈದಳು. ಕೈ ಮಾತ್ರ ಮೆತ್ತಗಿರುತ್ತಿತ್ತು. ರೇಷ್ಮೆಯ ಮೇಲಿನ ಕಲೆಯನ್ನು ಉಜ್ಜಿದರೆ ಬಟ್ಟೆ ಹೋಗುತ್ತದೆ ಎಂದು ಬಲ್ಲ ಕೈ ಅದು. ಪ್ರೀತಿಗೀತಿ ಏನಿಲ್ಲ, ಹಿಡಿದ ಕೆಲಸ ನಡುವೆ ಬಿಡುವ ಜಾಯಮಾನ ಅವಳದಲ್ಲ.

ಇಷ್ಟಾದರೂ ಸಾಹುಕಾರ ಕಡ್ಡಿಯಾದ. ಬಾಯಿ ಒಂದಿಷ್ಟು ಚೊಕ್ಕಟವಾಯಿತು, ಹೊಟ್ಟೆ ಮಾತ್ರ ಕಲ್ಲಿನಂತೇ ಉಳಿಯಿತು. ಎರಡನೆಯ ಸಲ ಕರೆದುಕೊಂಡು ಹೋದಾಗ ಡಾಕ್ಟರಮ್ಮನ ನೆಗಡಿ ಹೋಗಿತ್ತು. ಅವನ ಮೈ ಮುಟ್ಟಿ, ಇವನಿಗೆ ಬಿಸಿ ಸಾಲುತ್ತಿಲ್ಲ, ಇಲ್ಲದಿದ್ದರೆ ಇಷ್ಟರಲ್ಲಿ ಹೊಟ್ಟೆ ಓಡಬೇಕಿತ್ತು, ದೀಪದ ವಿಷಯದಲ್ಲಿ ನೀವು ಸರಿಯಾಗಿ ಹೇಳುತ್ತಿದ್ದೀರಾ ಎಂದು ಕೇಳಿದರು. ಕಲೆಯಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ಬೇಕಾದರೆ ನಮ್ಮ ಮನೆಯವರನ್ನೇ ಕೇಳಿ, ಮಧ್ಯಾಹ್ನವೆಲ್ಲ ಅವರು ಅದರ ಎದುರಿಗೇ ಇರುತ್ತಾರೆ ಎಂದಳು. ಮನೆಗೆ ಬಂದು ಗಂಡನಿಗೂ ಎಲ್ಲವನ್ನೂ ಹೇಳಿದಳು. ಅವನು ಟಿವಿಯಿಂದ ಕಣ್ಣು ಕೀಳದೆ, ಡಾಕ್ಟರುಗಳು ಗೊತ್ತಾಗದಿದ್ದರೆ ಹಾಗೇ ನಮ್ಮ ಮೇಲೆ ಹಾಕುತ್ತಾರೆ ಬಿಡು ಎಂದ.

ಒಂದು ಮಧ್ಯಾಹ್ನ ಕೆಳಗೆ ಹಬೆಯ ಇಸ್ತ್ರಿ ಯಂತ್ರದ ಫ್ಯೂಸು ಹೋಯಿತು. ಇಸ್ತ್ರಿ ಮಾಡುವ ಮುದುಕನಿಗೆ ಕಿವಿ ಕೇಳಿಸದು. ಮೇಲೆ ಮನೆಯಲ್ಲಿ ಫ್ಯೂಸು ತಂತಿ ಎಲ್ಲಿದೆ ಎಂದು ಅವನಿಗೆ ವಿವರಿಸಿ ಕಳಿಸುವುದಕ್ಕಿಂತ ತಾನೇ ಹೋಗುವುದು ವಾಸಿ ಎಂದು ಕಲೆಯಕ್ಕ ಮೆಟ್ಟಿಲು ಹತ್ತಿದಳು. ಊಟ ಮುಗಿಸಿ ಅವಳು ಕೆಳಗಿಳಿದು ತುಸು ಹೊತ್ತಾಗಿತ್ತು.

ಪರದೆ ಎಳೆದಿತ್ತು. ಹಾಲ್ ಕತ್ತಲೆ ಕತ್ತಲೆಯಾಗಿತ್ತು. ಟಿವಿಯಲ್ಲಿ ಯಾರೋ ಯಾರನ್ನೋ ಮಾತಿಲ್ಲದೆ ಹೊಡೆಯುತ್ತಿದ್ದರು. ಗಂಡ ಸೋಫಾದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ದೀಪ ಆರಿತ್ತು.

ಅವಳು ಪೆಟ್ಟಿಗೆಯ ಹತ್ತಿರ ಹೋಗಿ ಕಲ್ಲನ್ನು ಮುಟ್ಟಿದಳು. ಬಚ್ಚಲ ನೆಲದಷ್ಟು ತಣ್ಣಗಿತ್ತು. ಅದರ ಮೇಲೆ ಸಾಹುಕಾರ ಕಪ್ಪಗೆ ಬಿದ್ದಿದ್ದ, ಬೆಳಗ್ಗೆ ಅವಳು ಕುಡಿಸಿದ ಗಂಜಿ ಕರಗದೆ ಬಾಯಿಗೆ ಬಂದು ಗಲ್ಲದ ಮುಳ್ಳಿಗೆ ಮೆತ್ತಿಕೊಂಡಿತ್ತು. ವಿದ್ಯುತ್ತು ಹೋಗಿದೆಯೇನೋ ಎಂದು ಅವಳ ಮನಸ್ಸು ಇನ್ನೂ ಗಂಡನ ಪರ ವಾದಿಸಿತು. ಟಿವಿ ಓಡುತ್ತಿತ್ತಲ್ಲ. ಸ್ವಿಚ್ಚು ನೋಡಿದಳು, ಕೈಯಿಂದ ಆರಿಸಿದ್ದು.

ಅವಳು ಎಬ್ಬಿಸಲಿಲ್ಲ. ಎದುರಿನ ಕುರ್ಚಿಯಲ್ಲಿ ಕೂತಳು. ಅವನ ಬಾಯಿ ತೆರೆದಿತ್ತು. ಕೆಳಗಿನ ಹಲ್ಲಿನ ಸಂದಿಯಲ್ಲಿ ಆಗತಾನೇ ಉಂಡದ್ದರ ಚೂರು, ತುಟಿಯ ಅಂಚಿನಿಂದ ದಿಂಬಿನವರೆಗೆ ಎಳೆಯಾಗಿ ಇಳಿದ ಜೊಲ್ಲು, ಉಸಿರು ಬಿಟ್ಟಾಗ ನಡುಗುವ ಕಿರುನಾಲಿಗೆ. ಇಷ್ಟು ವರ್ಷ ಈ ಬಾಯನ್ನು ಪಕ್ಕದ ದಿಂಬಿನ ಮೇಲೆ ಕಂಡಿದ್ದಳು, ಒಮ್ಮೆಯೂ ಹೇಸಿಗೆಯಾಗಿರಲಿಲ್ಲ, ಈಗ ಆಯಿತು. ಕೆಳಗೆ ಕಿವುಡ ಮುದುಕ ಕಾಯುತ್ತಿರುವುದು ಮರೆತೇಹೋಯಿತು.

ಬಹಳ ಹೊತ್ತಿನ ಮೇಲೆ ಅವನ ಮೊಬೈಲು ಹೊಡೆದುಕೊಂಡಿತು, ಸಂಜೆಯ ಬಟ್ಟೆ ಹೊರಡುವ ಹೊತ್ತು. ಅವನು ಅರ್ಧ ಕಣ್ಣು ಮುಚ್ಚಿಕೊಂಡೇ ಎದ್ದ, ನಾಲ್ಕು ಹೆಜ್ಜೆ ನಡೆದ, ಕೈ ಚಾಚಿ ದೀಪದ ಸ್ವಿಚ್ಚು ಹಾಕಿದ. ತಡಕಾಡಲಿಲ್ಲ, ಬೆರಳು ನೇರ ಹೋಗಿ ಸ್ವಿಚ್ಚಿನ ಮೇಲೆ ಕೂತಿತು. ಬೆಳಕು ಬಿದ್ದ ಮೇಲೆ ಕುರ್ಚಿಯಲ್ಲಿದ್ದ ಹೆಂಡತಿ ಕಂಡಳು.

“ಇವತ್ತೊಂದೇ ದಿನ ಕಣೇ,” ಎಂದ.

ಅವಳು ಎದ್ದು ಕಿಟಕಿಯ ಪರದೆ ಸರಿಸಿದಳು.

“ಟಿವಿ ಮೇಲೆ ಬೆಳಕು ಬಿದ್ದು ಏನೂ ಕಾಣಲ್ಲ. ಕಣ್ಣು ಮುಚ್ಚಿದ್ರೂ ಚುಚ್ಚುತ್ತೆ. ಒಂದೆರಡು ಗಂಟೆ ಆರಿಸಿದ್ರೆ ಏನು ಮಹಾ ಅಂದ್ಕೊಂಡೆ.”

“ಯಾವಾಗಿಂದ?”

ಅವನು ಗಲ್ಲ ಕೆರೆದುಕೊಂಡ. “ಬಂದಾಗಿಂದ್ಲೂ,” ಎಂದ ಕೊನೆಗೆ. ಡಾಕ್ಟರು ಹೇಳಿದ್ದನ್ನು ನೀನು ತಿಳಿಸಿದ ಮೇಲೆ ಕೆಲವು ದಿನ ಆರಿಸದೆ ಬಿಟ್ಟಿದ್ದೆ, ಆಮೇಲೆ ನಿದ್ದೆ ತಡೆಯಲಾಗಲಿಲ್ಲ ಎಂದೂ ಸೇರಿಸಿದ. ಹೇಳಿಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡನಂತೆ. ಅಷ್ಟು ಹೊತ್ತಿಗೆ ಅವಳು ಅಷ್ಟೆಲ್ಲ ಕಷ್ಟಪಟ್ಟುಬಿಟ್ಟಿದ್ದಳು, ಹೇಗೆ ಹೇಳುವುದು ಎಂದು ಬಾಯಿ ಬರಲಿಲ್ಲವಂತೆ.

ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎಂಬ ಗಾದೆ ಅವಳಿಗೆ ಗೊತ್ತಿತ್ತು. ಡಾಕ್ಟರಮ್ಮನ ಮುಂದೆ ಗಂಡನ ಪರವಾಗಿ ಆಣೆ ಮಾಡುವುದೊಂದು ಬಿಟ್ಟು ಎಲ್ಲ ಹೇಳಿ ಬಂದಿದ್ದ ತಾನೇ ಆ ಗೂಟ ಎಂದು ಈಗ ಹೊಳೆಯಿತು.

“ಒಂದು ಹಲ್ಲಿಗೋಸ್ಕರ ನನ್ನನ್ನ ಹೀಗೆ ನೋಡ್ತೀಯಲ್ಲ,” ಎಂದ ಅವನು, ಸ್ವಲ್ಪ ನೊಂದವನಂತೆ.

“ಹಲ್ಲಿಗಲ್ಲ,” ಎಂದಳು. “ನಾನು ಅದರ ಬಾಯಿಗೆ ಬೆರಳು ಹಾಕಿ ಕೀವು ತೆಗೀತಿದ್ರೆ ನೀವು ಟವೆಲ್ ಹಿಡ್ಕೊಂಡು ನಿಂತು ನೋಡಿದ್ರಲ್ಲ. ಪಾಪ ಅಂದ್ರಲ್ಲ. ಅದಕ್ಕೆ.”

ಅವನು ಮೊಬೈಲು ಜೇಬಿಗೆ ಹಾಕಿಕೊಂಡ. ಚಪ್ಪಲಿ ಮೆಟ್ಟಿಕೊಂಡು ವ್ಯಾನಿನ ಕಡೆ ಹೋದ.

ಆ ಸಂಜೆಯೇ ಅವಳು ಗಾಜಿನ ಪೆಟ್ಟಿಗೆಯನ್ನು ಕೆಳಗೆ ಇಳಿಸಿದಳು. ಇಸ್ತ್ರಿ ಕೋಣೆಯ ಹಿಂದುಗಡೆ, ನೀರು ಕಾಯಿಸುವ ಬಾಯ್ಲರಿನ ಪಕ್ಕ ಜಾಗ ಮಾಡಿದಳು. ಅಲ್ಲಿ ದೀಪ ಆರಿಸುವವರು ಯಾರೂ ಇರಲಿಲ್ಲ, ಆರಿಸಿದರೂ ಕೋಣೆಯೇ ಒಲೆಯಂತಿತ್ತು. ಕಿವುಡ ಮುದುಕ ಬಗ್ಗಿ ನೋಡಿ, ಇದು ಕಚ್ಚುತ್ತಾ ಎಂದು ಕೇಳಿದ. ಕಚ್ಚುವಷ್ಟು ಜೀವ ಇಲ್ಲ ಎಂದು ಕೈಸನ್ನೆ ಮಾಡಿದಳು. ಅವನು ತೃಪ್ತನಾಗಿ ಕೆಲಸಕ್ಕೆ ಹೋದ.

ಗಿರಾಕಿಗಳಿಗೆ ಅದು ಅಷ್ಟು ಸುಲಭವಾಗಲಿಲ್ಲ. ಹೆಡ್‌ಮಿಸ್ ಒಬ್ಬರು, ಎಷ್ಟೋ ವರ್ಷದ ಗಿರಾಕಿ, ಒಳಗಿನ ಬಾಗಿಲು ತೆರೆದಿದ್ದಾಗ ಪೆಟ್ಟಿಗೆ ಕಂಡು ಮುಖ ಸಿಂಡರಿಸಿದರು. ತಮ್ಮ ಬಟ್ಟೆಯನ್ನೂ ಆ ಕೋಣೆಯಲ್ಲೇ ಇಸ್ತ್ರಿ ಮಾಡುತ್ತೀರಾ ಎಂದು ಕೇಳಿದರು. ಕಲೆಯಕ್ಕ ಆ ದಿನ ಬೆಳಗಿನ ಕೀವು ಕೆರೆದು ಬಂದಿದ್ದಳು, ಮನಸ್ಸು ಸರಿಯಿರಲಿಲ್ಲ. ನೀವು ತಂದುಕೊಡುವಾಗಿನ ನಿಮ್ಮ ಬಟ್ಟೆಗಿಂತ ಅದು ಚೊಕ್ಕಟವಾಗಿದೆ ಮೇಡಂ ಎಂದುಬಿಟ್ಟಳು. ಹೆಡ್‌ಮಿಸ್ ಗಂಟು ಎತ್ತಿಕೊಂಡು ಹೋದವರು ತಿರುಗಿ ಬರಲಿಲ್ಲ. ಇನ್ನೂ ಕೆಲವರು ದೂರದ ಅಂಗಡಿ ಹುಡುಕಿಕೊಂಡರು. ಅವಳು ತಡೆಯಲಿಲ್ಲ.

ಬಾಯ್ಲರಿನ ಪಕ್ಕಕ್ಕೆ ಬಂದ ಮೇಲೆ ಸಾಹುಕಾರನ ಕಪ್ಪು ಮೆಲ್ಲಮೆಲ್ಲಗೆ ಬೂದಿಗೆ ತಿರುಗಿತು. ಒಂದು ಬೆಳಗ್ಗೆ ಅವಳು ಕಲೆ ನೆನೆಸುವ ತೊಟ್ಟಿಯಲ್ಲಿ ಬೆಚ್ಚನೆಯ ನೀರು ಹಾಕಿ ಅವನನ್ನು ಕೂರಿಸಿ ಎಂದಿನಂತೆ ಹೊಟ್ಟೆ ನೀವುತ್ತಿದ್ದಳು. ಬೆರಳ ಕೆಳಗೆ ಆ ಗಡ್ಡೆ ಜರುಗಿತು. ಸಾಹುಕಾರ ನಾಲ್ಕೂ ಕಾಲು ಚಾಚಿ, ಬಾಲ ಎತ್ತಿ, ಮೈಯನ್ನು ಬಿಲ್ಲಿನಂತೆ ಬಗ್ಗಿಸಿದ. ಮೊದಲು ಒಂದು ನೊರೆ ಬಂತು. ಆಮೇಲೆ ಕೆಂಪು ಮರಳಿನ ಉಂಡೆ, ಹೆಬ್ಬೆರಳಿನಷ್ಟು ದಪ್ಪ, ಲೋಳೆಯಲ್ಲಿ ಸುತ್ತಿಕೊಂಡು ಜಾರಿತು. ಅದರ ಹಿಂದೆಯೇ ಒಳಗೆ ಕಟ್ಟಿಕೊಂಡಿದ್ದುದೆಲ್ಲ, ಹಸಿರು, ಕಪ್ಪು, ರಕ್ತದ ಎಳೆ, ಕರಗದ ಹುಳದ ಸಿಪ್ಪೆಗಳು, ತೊಟ್ಟಿಯ ನೀರನ್ನು ಒಂದೇ ಗಳಿಗೆಯಲ್ಲಿ ಚರಂಡಿ ಮಾಡಿದವು. ನಾತ ಅಂಗಡಿಯ ಮುಂಬಾಗಿಲು ದಾಟಿತು. ಪಕ್ಕದ ಚಪ್ಪಲಿ ಅಂಗಡಿಯವನು ಇಣುಕಿ, ಏನಕ್ಕಾ, ಯಾರಾದ್ರೂ ಸತ್ರಾ ಎಂದು ಕೇಳಿದ.

ಅವಳು ಕಕ್ಕಲಿಲ್ಲ. ಮೂಗು ಹಿಡಿಯಲು ಕೈ ಖಾಲಿಯಿರಲಿಲ್ಲ. ಮೊಣಕೈವರೆಗೂ ಆ ಗಬ್ಬಿನಲ್ಲಿ ಅದ್ದಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಥೂ, ಥೂ, ನಿನ್ನ ಜನ್ಮಕ್ಕಿಷ್ಟು ಎಂದು ಬೈಯುತ್ತಾ, ಕೊನೆಯ ಹನಿ ಬರುವ ತನಕ ನೀವಿದಳು. ತೊಟ್ಟಿಯನ್ನು ಮಧ್ಯಾಹ್ನದವರೆಗೆ ತಿಕ್ಕಿದಳು. ಆ ತೊಟ್ಟಿಯಲ್ಲಿ ಮುಂದೆಂದೂ ಬಟ್ಟೆ ನೆನೆಸಲಿಲ್ಲ.

ಎರಡು ದಿನ ಬಿಟ್ಟು ಹುಳ ಹಾಕಿದಾಗ ಸಾಹುಕಾರ ತಲೆ ಓರೆ ಮಾಡಿ ನೋಡಿದ, ನಾಲಿಗೆ ಚಾಚಿದ, ಚಪಚಪ ಎಂದ. ಕಲೆಯಕ್ಕನಿಗೆ ಅವನು ಉಪವಾಸವಿದ್ದಾಗಲೇ ವಾಸಿ ಎನ್ನಿಸುವಷ್ಟು ಅಸಹ್ಯವಾಯಿತು. ಆದರೂ ಇನ್ನೊಂದು ಹುಳ ಬಿಟ್ಟಳು. ಅವಳಿಗೆ ಅವನ ಮೇಲೆ ಮಮತೆ ಹುಟ್ಟಿತು ಎಂದು ಬೀದಿಯಲ್ಲಿ ಆಮೇಲೆ ಕೆಲವರು ಹೇಳಿದರು. ಅದು ಸುಳ್ಳು. ಅವನನ್ನು ಗವಸಿಲ್ಲದೆ ಅವಳು ಒಮ್ಮೆಯೂ ಮುಟ್ಟಲಿಲ್ಲ.

ತಂಗಿಗೆ ಬೇರೆ ಕೋಣೆ ಸಿಕ್ಕಿ ಅವನನ್ನು ಕರೆದೊಯ್ಯಲು ಬಂದಾಗ ಕೈಯಲ್ಲಿ ಒಂದು ಪೊಟ್ಟಣವಿತ್ತು. ಒಳ್ಳೆಯ ನೀಲಿ ಶರ್ಟು, ಭಾವನಿಗೆ. ಫೋನಿನಲ್ಲಿ ಭಾವ ಎಲ್ಲ ಹೇಳಿದ್ದನಂತೆ, ಗಂಜಿ ಕುಡಿಸಿದ್ದು, ಬಾಯಿ ತೊಳೆದದ್ದು, ಎಷ್ಟು ಕಷ್ಟವಾಯಿತು ಎಂಬುದು. ‘ನಾವು’ ಎಂದೇ ಹೇಳಿದ್ದ. ತಂಗಿ ಆ ‘ನಾವು’ ಎಂಬುದನ್ನು ಅವನೊಬ್ಬನೇ ಎಂದು ತಿಳಿದಿದ್ದಳು. ಅಕ್ಕನಿಗೆ ಹಲ್ಲಿ ಕಂಡರಾಗದು ಎಂಬುದು ಅವಳಿಗೆ ಗೊತ್ತಿತ್ತಲ್ಲ.

“ಭಾವ, ನೀವಿಲ್ದಿದ್ರೆ ಇವನು ಉಳೀತಿರ್ಲಿಲ್ಲ,” ಎಂದಳು.

ಅವನು ಹೆಂಡತಿಯ ಕಡೆ ನೋಡಿದ. ಅವಳು ತಡೆಯುತ್ತಾಳೋ ಎಂದು ಒಂದು ಕ್ಷಣ ಕಾದ. ಅವಳು ತಡೆಯಲಿಲ್ಲ, ಅವನೇ ಏನು ಹೇಳುತ್ತಾನೋ ಎಂದು ಅವಳೂ ಕಾಯುತ್ತಿದ್ದಳು.

“ಅಯ್ಯೋ, ಅದೇನು ಮಹಾ ಬಿಡಮ್ಮ,” ಎಂದು ಅವನು ಶರ್ಟು ತೆಗೆದುಕೊಂಡ.

ಕಲೆಯಕ್ಕ ಒಳಗೆ ಹೋಗಿ ಕೈ ತೊಳೆದುಕೊಂಡಳು. ಕೈ ಕೊಳೆಯಾಗಿರಲಿಲ್ಲ. ತಂಗಿ ಸಾಹುಕಾರನ ತಲೆಗೆ ಮುತ್ತಿಟ್ಟು, ಬಡವಾಗಿದ್ದಾನೆ ಕಣಕ್ಕಾ, ಸರಿಯಾಗಿ ಹಾಕಿಲ್ಲ ನೀವು ಎಂದು ತಮಾಷೆ ಮಾಡಿ, ಪೆಟ್ಟಿಗೆಯನ್ನು ಟ್ಯಾಕ್ಸಿಗೆ ಏರಿಸಿಕೊಂಡು ಹೋದಳು. ಮರಳು ಹಾಸಬೇಡ ಎಂದಷ್ಟೇ ಅಕ್ಕ ಹೇಳಿದಳು.

ಆಮೇಲೆ ಆ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅವನ ಬಟ್ಟೆ ಒಗೆದಳು, ಅವನ ಅಡುಗೆ ಮಾಡಿಟ್ಟಳು, ಹಾಸಿಗೆಯಲ್ಲಿ ದಿಂಬನ್ನು ಮಾತ್ರ ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಮಧ್ಯಾಹ್ನ ಮೇಲೆ ಹೋಗುವುದನ್ನು ನಿಲ್ಲಿಸಿದಳು. ತನ್ನ ಊಟವನ್ನು ಡಬ್ಬಿಗೆ ಹಾಕಿಕೊಂಡು ಬೆಳಗ್ಗೆಯೇ ಕೆಳಗೆ ತರುತ್ತಿದ್ದಳು, ಇಸ್ತ್ರಿ ಮೇಜಿನ ತುದಿಯಲ್ಲಿ, ಹೆಚ್ಚು ಮಾತಾಡದ ಕಿವುಡ ಮುದುಕನ ಎದುರು ಕೂತು ಉಣ್ಣುತ್ತಿದ್ದಳು. ಎದುರು ಕೂತು ಅಗಿಯುವ ಗಂಡನ ಬಾಯನ್ನು ನೋಡಿಕೊಂಡು ಅವಳಿಗೆ ಊಟ ಇಳಿಯುತ್ತಿರಲಿಲ್ಲ, ಅಷ್ಟೇ ಕಾರಣ. ಕೇಳಿದವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು ಎನ್ನುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ಗಂಡ ತನ್ನ ತಟ್ಟೆಯನ್ನು ಎತ್ತಿಕೊಂಡು ತಾನೇ ಕೆಳಗಿಳಿದು ಬಂದ. ನೀಲಿ ಶರ್ಟು ಹಾಕಿದ್ದ. ಒಬ್ಬನೇ ಉಣ್ಣೋದಕ್ಕೆ ಬೇಜಾರು ಕಣೇ ಎಂದ. ಅವಳದ್ದು ಆಗಷ್ಟೇ ಮುಗಿದಿತ್ತೋ, ಇನ್ನೂ ಎರಡು ತುತ್ತು ಉಳಿದಿತ್ತೋ, ಡಬ್ಬಿಯ ಮುಚ್ಚಳ ಹಾಕಿ ಎದ್ದಳು. ಕೂತ್ಕೊಳ್ಳಿ ಎಂದು ತನ್ನ ಸ್ಟೂಲನ್ನು ಅವನ ಕಡೆಗೆ ಸರಿಸಿ, ಮುಂದಿನ ಕೋಣೆಗೆ ಹೋಗಿ ಬಂದಿದ್ದ ಬಟ್ಟೆಗಳ ಗಂಟು ಬಿಚ್ಚತೊಡಗಿದಳು. ಅವನು ಸ್ಟೂಲಿನ ಮೇಲೆ ಕೂತು ಮುದುಕನ ಜೊತೆ ಉಂಡ. ಊಟದುದ್ದಕ್ಕೂ ಅವನು ಏನೇನೋ ಹೇಳುತ್ತಲೇ ಇದ್ದ. ಮುದುಕನಿಗೆ ಒಂದೂ ಕೇಳಿಸಲಿಲ್ಲ.